ವಿಲಿಯಂ ಎವರ್ಟ್ ಗ್ಲ್ಯಾಡ್‌ಸ್ಟನ್

ವಿಲಿಯಂ ಎವರ್ಟ್ ಗ್ಲ್ಯಾಡ್‌ಸ್ಟನ್ (29 ಡಿಸೆಂಬರ್ 1809 – 19 ಮೇ 1898) ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ಲಿಬರಲ್ ಪಕ್ಷದ ನಾಯಕ. ಮತದಾನದ ಹಕ್ಕಿನ ವಿಸ್ತರಣೆಯನ್ನು ವಿರೋಧಿಸಿ ವಿದ್ಯಾರ್ಥಿ ದೆಸೆಯಲ್ಲಿ ಮಾಡಿದ ಭಾಷಣ ಇವರ ಸಂಸತ್ ಪ್ರವೇಶಕ್ಕೆ ದಾರಿಯಾಯಿತು. ಮುಂದೆ ಅದೇ ಹಕ್ಕನ್ನು ಗ್ರಾಮೀಣ ಕಾರ್ಮಿಕರಿಗೂ ವಿಸ್ತರಿಸಿದ್ದು ಇವರದೇ ಸರ್ಕಾರ.

ಆರಂಭಿಕ ಜೀವನ

ಲಿವರ್‌ಪೂಲ್‌ನ ಶ್ರೀಮಂತ ವರ್ತಕ ಕುಟುಂಬದಲ್ಲಿ ಜನಿಸಿದ ಗ್ಲ್ಯಾಡ್‌ಸ್ಟನ್, ಈಟನ್ ಶಾಲೆಯಲ್ಲಿಯೂ 1828ರಿಂದ ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. 1831ರಲ್ಲಿ ಪ್ರಾಚೀನ ಭಾಷೆಗಳು ಹಾಗೂ ಗಣಿತ ಎರಡರಲ್ಲಿಯೂ ಪ್ರಥಮ ದರ್ಜೆ ಪಡೆದರು.

ಆಕ್ಸ್‌ಫರ್ಡ್ ಯೂನಿಯನ್

1823ರಲ್ಲಿ ಸ್ಥಾಪನೆಯಾದ ಈ ವಿದ್ಯಾರ್ಥಿ ಚರ್ಚಾಸಂಘದಲ್ಲಿ ನಿರ್ಣಯ ಮಂಡನೆ, ತಿದ್ದುಪಡಿ ಮತ್ತು ಮತಗಣನೆ ಸಂಸತ್ತಿನ ರೀತಿಯಲ್ಲಿಯೇ ನಡೆಯುತ್ತಿದ್ದವು. ಗ್ಲ್ಯಾಡ್‌ಸ್ಟನ್ ಇದರ ಕಾರ್ಯದರ್ಶಿಯಾಗಿ, ಬಳಿಕ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ಮತದಾರರ ಸಂಖ್ಯೆಯನ್ನು ಹೆಚ್ಚಿಸಲು ವಿಗ್ ಸರ್ಕಾರ ತಂದ ಸುಧಾರಣಾ ಮಸೂದೆಯ ಕುರಿತು 1831ರ ಮೇ ತಿಂಗಳಲ್ಲಿ ಇಲ್ಲಿ ಚರ್ಚೆ ನಡೆಯಿತು. ಮಸೂದೆಯು ದೇಶದ ಆಡಳಿತ ವ್ಯವಸ್ಥೆಯನ್ನೇ ಬುಡಮೇಲು ಮಾಡುವುದೆಂದು ಗ್ಲ್ಯಾಡ್‌ಸ್ಟನ್ ಸುಮಾರು ಮುಕ್ಕಾಲು ಗಂಟೆ ವಾದಿಸಿದರು. ಅವರ ತಿದ್ದುಪಡಿ 38ರ ವಿರುದ್ಧ 94 ಮತಗಳಿಂದ ಅಂಗೀಕಾರವಾಯಿತು. ಸಹಪಾಠಿ ಲಾರ್ಡ್ ಲಿಂಕನ್ ಈ ಭಾಷಣದಿಂದ ಪ್ರಭಾವಿತರಾಗಿ ತಮ್ಮ ತಂದೆ ನ್ಯೂಕ್ಯಾಸಲ್‌ನ ಡ್ಯೂಕ್‌ಗೆ ಗ್ಲ್ಯಾಡ್‌ಸ್ಟನ್ನರ ಹೆಸರನ್ನು ಸೂಚಿಸಿದರು. ಡ್ಯೂಕ್ ಅವರ ಬೆಂಬಲದಿಂದ 1832ರ ಡಿಸೆಂಬರ್‌ನಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ನ್ಯೂಆರ್ಕ್ ಕ್ಷೇತ್ರದಿಂದ ಟೋರಿ ಸದಸ್ಯರಾಗಿ ಆಯ್ಕೆಯಾದರು. ಅವರು ವಿರೋಧಿಸಿದ್ದ ಸುಧಾರಣೆ ಆ ವೇಳೆಗೆ ಕಾಯಿದೆಯಾಗಿತ್ತು. ಅದರ ಅಡಿಯಲ್ಲಿ ನಡೆದ ಮೊದಲ ಚುನಾವಣೆಯೇ ಅದು.

ಸಂಸತ್ತಿನಲ್ಲಿ

ಕಾಲಕ್ರಮೇಣ ಗ್ಲ್ಯಾಡ್‌ಸ್ಟನ್ ಲಿಬರಲ್ ಪಕ್ಷದತ್ತ ಸರಿದರು. 1866ರಲ್ಲಿ ಅವರೇ ಸುಧಾರಣಾ ಮಸೂದೆಯನ್ನು ಮಂಡಿಸಿದಾಗ, ಪ್ರತಿಪಕ್ಷದ ಡಿಸ್ರೇಲಿ 1831ರ ಭಾಷಣವನ್ನು ನೆನಪಿಸಿ ಚುಚ್ಚಿದರು. ಗ್ಲ್ಯಾಡ್‌ಸ್ಟನ್ ತಮ್ಮ ಯೌವನದ ನಿಲುವು ತಪ್ಪಾಗಿತ್ತೆಂದು ಸದನದಲ್ಲಿಯೇ ಒಪ್ಪಿಕೊಂಡರು. ಆ ಮಸೂದೆ ಬಿದ್ದುಹೋಗಿ ಸರ್ಕಾರ ರಾಜೀನಾಮೆ ನೀಡಿತು. ಆದರೆ ಅವರು ಪ್ರಧಾನಿಯಾಗಿದ್ದಾಗ 1872ರಲ್ಲಿ ಗುಪ್ತ ಮತದಾನ ಜಾರಿಗೆ ಬಂದಿತು. 1884ರ ಕಾಯಿದೆಯು ಗ್ರಾಮೀಣ ಪ್ರದೇಶದ ಗೃಹಸ್ಥ ಪುರುಷರಿಗೂ ಮತಾಧಿಕಾರ ನೀಡಿದ್ದರಿಂದ, ಸುಮಾರು 30 ಲಕ್ಷವಿದ್ದ ಮತದಾರರ ಸಂಖ್ಯೆ 50 ಲಕ್ಷ ಮೀರಿತು. ಮಹಿಳೆಯರನ್ನೂ ಸೇರಿಸುವ ತಿದ್ದುಪಡಿಯನ್ನು ಮಾತ್ರ ಗ್ಲ್ಯಾಡ್‌ಸ್ಟನ್ ವಿರೋಧಿಸಿದರು.

ಸದನದ ಕಲಾಪ ವಿಧಾನವೂ ಇವರ ಕಾಲದಲ್ಲಿ ಬದಲಾಯಿತು. ಐರಿಷ್ ಸದಸ್ಯರು ದೀರ್ಘ ಭಾಷಣಗಳಿಂದ ಮಸೂದೆಗಳನ್ನು ತಡೆಹಿಡಿಯುತ್ತಿದ್ದರು. 1881ರಲ್ಲಿ 41 ಗಂಟೆಗಳ ನಿರಂತರ ಅಧಿವೇಶನವನ್ನು ಸಭಾಧ್ಯಕ್ಷರು ಸ್ವಂತ ಅಧಿಕಾರದಿಂದ ಕೊನೆಗೊಳಿಸಬೇಕಾಯಿತು. ಬಳಿಕ 1882ರಲ್ಲಿ, ಬಹುಮತದ ಮೂಲಕ ಚರ್ಚೆಯನ್ನು ಮುಕ್ತಾಯಗೊಳಿಸುವ ನಿಯಮವನ್ನು ಗ್ಲ್ಯಾಡ್‌ಸ್ಟನ್ ಸರ್ಕಾರ ಜಾರಿಗೆ ತಂದಿತು.

ನಿಧನ

1894ರಲ್ಲಿ ಅಧಿಕಾರದಿಂದ ನಿವೃತ್ತರಾದ ಗ್ಲ್ಯಾಡ್‌ಸ್ಟನ್ ವೇಲ್ಸ್‌ನ ಹಾರ್ಡನ್‌ನಲ್ಲಿ ನಿಧನರಾದರು. ಅವರ ಸಮಾಧಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ.