ಸಂಘಟಕ ಫಿಲಿಪ್ ರಾಂಡಾಲ್ಫರು

ಸಭೆಯಲ್ಲಿ ಕರತಾಡನ ಪಡೆದವರ ಹೆಸರು ಲೋಕದಲ್ಲಿ ಬೇಗನೆ ಹಬ್ಬುವುದು. ಆ ಸಭೆಗೆ ಜಮಖಾನೆ ಹಾಸಿಸಿ, ದೀಪಕ್ಕೆ ಎಣ್ಣೆ ಹೊಂದಿಸಿ, ವಂತಿಗೆಯ ಲೆಕ್ಕವನ್ನು ಕಾಸು ತಪ್ಪದಂತೆ ಬರೆದಿಟ್ಟವರ ಹೆಸರು ಹಬ್ಬುವುದು ಅಪರೂಪ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಪ್ಪು ಜನರು ನಾಗರಿಕ ಹಕ್ಕುಗಳಿಗಾಗಿ ನಡೆಯಿಸಿದ ಹೋರಾಟವೆಂದೊಡನೆ ನಮ್ಮ ವಾಚಕರಿಗೆ ಡಾ. ಮಾರ್ಟಿನ್ ಲೂಥರ್ ಕಿಂಗರ ಸ್ಮರಣೆಯಾಗುವುದು ಸಹಜವೇ ಸರಿ. ಆದರೆ 1963ರಲ್ಲಿ ಕಿಂಗರು ಯಾವ ವೇದಿಕೆಯಿಂದ ಜಗತ್ತಿಗೆಲ್ಲ ಕೇಳಿಸುವಂತೆ ಮಾತನಾಡಿದರೋ, ಆ ವೇದಿಕೆಗೆ ಇಪ್ಪತ್ತೆರಡು ವರುಷ ಮೊದಲೇ ಅಸ್ತಿಭಾರ ಹಾಕಿದವರು ಬೇರೊಬ್ಬರು. ಅವರೇ ಏಸಾ ಫಿಲಿಪ್ ರಾಂಡಾಲ್ಫರು.

ಇವರು 1889ರ ಏಪ್ರಿಲ್ 15ರಂದು ಫ್ಲಾರಿಡಾ ಸಂಸ್ಥಾನದ ಕ್ರೆಸೆಂಟ್ ಸಿಟಿ ಎಂಬ ಊರಿನಲ್ಲಿ ಜನಿಸಿದರು. ತಂದೆ ಮೆಥಾಡಿಸ್ಟ್ ಪಂಥದ ಪಾದ್ರಿಗಳು. ಪಾದ್ರಿತನದ ಉತ್ಪನ್ನ ಸಾಲದೆ ದರ್ಜಿಯ ಕೆಲಸವನ್ನೂ ಮಾಡುತ್ತಿದ್ದರು. ಜ್ಯಾಕ್ಸನ್‌ವಿಲ್‌ನಲ್ಲಿ ವಿದ್ಯಾಭ್ಯಾಸ ಮುಗಿಸಿ, 1911ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿಗೆ ಬಂದ ರಾಂಡಾಲ್ಫರು ಅಲ್ಲಿ ಚಿಕ್ಕಪುಟ್ಟ ಕೆಲಸಗಳಿಂದ ಹೊಟ್ಟೆ ಹೊರೆಯುತ್ತ ರಾತ್ರಿಯ ತರಗತಿಗಳಲ್ಲಿ ಓದಿದರು. 1914ರಲ್ಲಿ ಲೂಸಿಲ್ ಗ್ರೀನ್ ಎಂಬ ಸಾಧ್ವಿಯನ್ನು ವರಿಸಿದರು. 1917ರಲ್ಲಿ ಸ್ನೇಹಿತ ಚಾಂಡ್ಲರ್ ಓವನ್ನರೊಡನೆ ಅವರು ಹೊರಡಿಸಿದ ಮೆಸೆಂಜರ್ ಪತ್ರಿಕೆ ನಡೆದುದು ಬಹುಮಟ್ಟಿಗೆ ಆಕೆಯ ಕೇಶಾಲಂಕಾರದ ಅಂಗಡಿಯ ಆದಾಯದಿಂದ. ಯುದ್ಧವನ್ನು ಖಂಡಿಸಿ ಮಾತನಾಡಿದುದಕ್ಕಾಗಿ 1918ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಇಬ್ಬರೂ ಮಿತ್ರರು ಬಂಧಿತರಾದರು. ಧೈರ್ಯಕ್ಕೇನೂ ಅವರಲ್ಲಿ ಕೊರತೆಯಿರಲಿಲ್ಲ. ಆದರೆ ಧೈರ್ಯವೊಂದರಿಂದಲೇ ಕಾರ್ಯ ಕೈಗೂಡದೆಂಬುದನ್ನು ಅವರಿಗೆ ಕಲಿಸಿದುದು ರೈಲ್ವೆಯ ಕೆಲಸಗಾರರ ಸಹವಾಸ.

ಆ ಕಾಲದಲ್ಲಿ ಅಮೆರಿಕಾದ ರೈಲುಗಳ ಶಯನಗಾಡಿಗಳನ್ನು ಪುಲ್‌ಮನ್ ಕಂಪನಿ ನಡೆಯಿಸುತ್ತಿದ್ದಿತು. ಪ್ರಯಾಣಿಕರ ಹಾಸಿಗೆ ಹಾಸುವುದು, ಸಾಮಾನು ಹೊರುವುದು, ರಾತ್ರಿಯೆಲ್ಲ ಎಚ್ಚರವಿದ್ದು ಬೂಟುಗಳಿಗೆ ಮೆರುಗು ಕೊಡುವುದು, ಇವೆಲ್ಲ ಪೋರ್ಟರುಗಳೆಂಬ ಕಪ್ಪು ಸೇವಕರ ಪಾಲಿನ ಕೆಲಸ. ತಿಂಗಳಿಗೆ ಸುಮಾರು 400 ಗಂಟೆಗಳ ದುಡಿಮೆ ಇಲ್ಲವೆ 11,000 ಮೈಲಿಗಳ ಪ್ರಯಾಣ; ಸಂಬಳವಾದರೋ 70 ಡಾಲರುಗಳ ಆಸುಪಾಸು. ಊಟದ ಖರ್ಚೂ ಬೂಟಿನ ಬಣ್ಣದ ಖರ್ಚೂ ಅವರದೇ. ಕುಟುಂಬ ಸಾಗಬೇಕಾದರೆ ಪ್ರಯಾಣಿಕರ ಭಕ್ಷೀಸೇ ಗತಿ. ಕಂಪನಿಯ ಸ್ಥಾಪಕನ ಹೆಸರು ಜಾರ್ಜ್ ಎಂದಿದ್ದುದರಿಂದ ಪ್ರತಿಯೊಬ್ಬ ಪೋರ್ಟರನನ್ನೂ ಜಾರ್ಜ್ ಎಂದೇ ಕೂಗುವ ರೂಢಿ ಬೆಳೆದಿದ್ದಿತು. ಗುಲಾಮನಿಗೆ ಯಜಮಾನನ ಹೆಸರು ಅಂಟುತ್ತಿದ್ದ ಹಳೆಯ ಪದ್ಧತಿಯ ಅವಶೇಷವಿದು. ತಂದೆತಾಯಿಗಳಿಟ್ಟ ಹೆಸರನ್ನೂ ಉಳಿಸಿಕೊಳ್ಳಲಾರದ ಚಾಕರಿ ಅದಾಗಿದ್ದಿತು.

ಸಂಘ ಕಟ್ಟಲೆಳಸಿದ ಪೋರ್ಟರನಿಗೆ ಕಂಪನಿ ಕೆಲಸದಿಂದ ಬಿಡುಗಡೆ ಕೊಡುತ್ತಿದ್ದಿತು. ಆದುದರಿಂದ ಅವರು ವಿವೇಕದ ಉಪಾಯವೊಂದನ್ನು ಕಂಡುಕೊಂಡರು: ಕಂಪನಿಯ ಅನ್ನವನ್ನು ಎಂದೂ ಉಣ್ಣದವರನ್ನು ಮುಂದಾಳುವನ್ನಾಗಿ ಮಾಡಿಕೊಂಡರೆ ಅವರನ್ನು ಕೆಲಸದಿಂದ ತೆಗೆಯುವ ಭಯವೇ ಇಲ್ಲ. ರಾಂಡಾಲ್ಫರು ಪೋರ್ಟರರಾಗಿರಲಿಲ್ಲ. 1925ರ ಆಗಸ್ಟ್ 25ರಂದು ಹಾರ್ಲೆಮಿನಲ್ಲಿ ಶಯನಗಾಡಿ ಪೋರ್ಟರರ ಸೋದರ ಸಂಘ ಅವರ ನಾಯಕತ್ವದಲ್ಲಿ ಸ್ಥಾಪಿತವಾಯಿತು. ಶಿಕಾಗೋದಲ್ಲಿ ಮಿಲ್ಟನ್ ವೆಬ್‌ಸ್ಟರರೂ ಓಕ್‌ಲ್ಯಾಂಡಿನಲ್ಲಿ ಸಿ. ಎಲ್. ಡೆಲಮ್ಸರೂ ಶಾಖೆಗಳ ಹೊಣೆ ಹೊತ್ತರು. ಕಂಪನಿಯ ಗೂಢಚಾರರ ಭಯದಿಂದ ಸದಸ್ಯರ ಹೆಸರುಗಳನ್ನು ಗೋಪ್ಯವಾಗಿರಿಸಬೇಕಾಗಿದ್ದಿತು.

1928ರಲ್ಲಿ ಸಂಘವು ಮುಷ್ಕರ ಸಾರಿತು. ಕಂಪನಿಯಾದರೋ ಬದಲಿ ಆಳುಗಳನ್ನು ಸಿದ್ಧಪಡಿಸಿಕೊಂಡಿದ್ದಿತು. ಸರಕಾರದ ಮಧ್ಯಸ್ಥ ಮಂಡಲಿಯೂ ಕೈಹಾಕಲೊಪ್ಪಲಿಲ್ಲ. ರಾಂಡಾಲ್ಫರು ಕಡೆಯ ಗಳಿಗೆಯಲ್ಲಿ ಮುಷ್ಕರವನ್ನು ಹಿಂತೆಗೆದುಕೊಂಡರು. ಹೇಡಿತನದ ಆರೋಪ ಬಂದಿತು. ಸಾವಿರಾರು ಇದ್ದ ಸದಸ್ಯರು ಐದು ವರುಷಗಳಲ್ಲಿ ಕೆಲವು ನೂರಕ್ಕಿಳಿದರು. ಪತ್ರಿಕೆ ನಿಂತಿತು, ಹಣ ಸಲ್ಲದೆ ಕಚೇರಿಯ ವಿದ್ಯುದ್ದೀಪವೂ ಆರಿತು. ಆದರೆ ಅಂದು ಮುಷ್ಕರ ನಡೆದಿದ್ದರೆ ಬಡ ಕುಟುಂಬಗಳು ಬೀದಿಪಾಲಾಗಿ ಸಂಘದ ಹೆಸರೇ ಅಳಿದುಹೋಗುತ್ತಿದ್ದಿತೆಂಬುದರಲ್ಲಿ ನಮಗೆ ಸಂಶಯವಿಲ್ಲ. ನಿಂದೆಯನ್ನು ತಾವೊಬ್ಬರೇ ಹೊತ್ತು, ಅಳಿದುಳಿದ ಸದಸ್ಯರೊಡನೆ ಕಚೇರಿಯ ಬಾಗಿಲನ್ನು ತೆರೆದಿಟ್ಟುದೇ ಅವರ ಜೀವಿತದ ಅತ್ಯಂತ ಕಠಿನವಾದ ಧೈರ್ಯ.

1934ರಲ್ಲಿ ರೈಲ್ವೆ ಕೆಲಸಗಾರರ ಕಾಯಿದೆ ತಿದ್ದುಪಡಿಯಾಗಿ ಪೋರ್ಟರರಿಗೂ ಅನ್ವಯಿಸಿತು. ಬಾಗಿಲು ತೆರೆದಿದ್ದುದರಿಂದಲೇ ಸಂಘವು ಈ ಅವಕಾಶವನ್ನು ಬಳಸಿಕೊಳ್ಳಬಲ್ಲದಾಯಿತು. 1935ರ ಚುನಾವಣೆಯಲ್ಲಿ ಕೆಲಸಗಾರರು ಬಹುಮತದಿಂದ ಅದನ್ನೇ ತಮ್ಮ ಪ್ರತಿನಿಧಿಯನ್ನಾಗಿ ಆರಿಸಿದರು. ಸಂಘ ಹುಟ್ಟಿ ಸರಿಯಾಗಿ ಹನ್ನೆರಡು ವರುಷಗಳಿಗೆ, 1937ರ ಆಗಸ್ಟ್ 25ರಂದು, ಪುಲ್‌ಮನ್ ಕಂಪನಿ ಕರಾರಿಗೆ ರುಜು ಹಾಕಿತು. ತಿಂಗಳ ದುಡಿಮೆ 240 ಗಂಟೆಗಳಿಗಿಳಿಯಿತು, ಸಂಬಳವೇರಿತು.

ಇನ್ನು ದೊಡ್ಡ ಪರೀಕ್ಷೆ ಬಂದುದು 1941ರಲ್ಲಿ. ಯುದ್ಧಸಾಮಗ್ರಿಯ ಕಾರ್ಖಾನೆಗಳು ಲಕ್ಷಾಂತರ ಜನರಿಗೆ ಕೆಲಸ ಕೊಡುತ್ತಿದ್ದರೂ ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದವು. ಜುಲೈ 1ರಂದು ರಾಜಧಾನಿ ವಾಷಿಂಗ್ಟನ್ನಿಗೆ ಜನರ ಮೆರವಣಿಗೆ ಹೊರಡುವುದೆಂದು ರಾಂಡಾಲ್ಫರು ಸಾರಿದರು. ರೈಲು ಹೋಗುವ ಊರೂರಿಗೂ ಪೋರ್ಟರರು ಆ ವಾರ್ತೆಯನ್ನು ಮುಟ್ಟಿಸಿದರು. ಜೂನ್ 18ರಂದು ರಾಷ್ಟ್ರಾಧ್ಯಕ್ಷ ರೂಸ್‌ವೆಲ್ಟರು ಅವರನ್ನು ಕರೆಯಿಸಿ, ಎಷ್ಟು ಜನ ಬಂದಾರೆಂದು ವಿಚಾರಿಸಲು, ಒಂದು ಲಕ್ಷವೆಂದು ಉತ್ತರ ದೊರೆಯಿತು. ಜೂನ್ 25ರಂದು ರಾಷ್ಟ್ರರಕ್ಷಣೆಯ ಉದ್ಯಮಗಳಲ್ಲಿಯೂ ಸರಕಾರಿ ಕೆಲಸಗಳಲ್ಲಿಯೂ ವರ್ಣಭೇದವನ್ನು ನಿಷೇಧಿಸುವ 8802ನೆಯ ಆಜ್ಞೆ ಹೊರಟಿತು. ಮೆರವಣಿಗೆ ನಿಂತಿತು. ಸೈನ್ಯದಲ್ಲಿನ ಭೇದ ಮಾತ್ರ ಹಾಗೆಯೇ ಉಳಿಯಿತೆಂದು ತರುಣರು ಆಕ್ಷೇಪಿಸಿದರು. 1943ರಲ್ಲಿ ರಾಂಡಾಲ್ಫರು ಗಾಂಧೀಜಿಯವರ ಮಾರ್ಗದ ಅಹಿಂಸಾತ್ಮಕ ಕಾಯಿದೆಭಂಗವನ್ನು ತಮ್ಮ ಜನರ ಮುಂದಿಟ್ಟರು. ಭೇದವುಳ್ಳ ಸೈನ್ಯಕ್ಕೆ ಸೇರಬೇಡಿರೆಂದು ತರುಣರಿಗೆ ಬೋಧಿಸುವುದಾಗಿ 1948ರಲ್ಲಿ ಶಾಸನಸಭೆಯ ಸಮಿತಿಯ ಇದಿರಿನಲ್ಲಿಯೇ ತಿಳಿಸಿದರು. ಅದೇ ವರುಷದ ಜುಲೈ 26ರಂದು ರಾಷ್ಟ್ರಾಧ್ಯಕ್ಷ ಟ್ರೂಮನ್ನರ ಆಜ್ಞೆಯಿಂದ ಸೈನ್ಯದ ವರ್ಣಭೇದಕ್ಕೂ ಕೊನೆ ಮೊದಲಾಯಿತು.

ವಾಚಕರು ಇಲ್ಲಿ ಗಮನಿಸಬೇಕಾದುದೊಂದುಂಟು. 1928ರಲ್ಲಿಯೂ 1941ರಲ್ಲಿಯೂ ರಾಂಡಾಲ್ಫರು ಸಾರಿದುದನ್ನು ಹಿಂತೆಗೆದುಕೊಂಡರು. ಮೊದಲನೆಯದು ಸೋಲಾಯಿತು, ಎರಡನೆಯದು ಗೆಲವಾಯಿತು. ಮೊದಲ ಸಲ ಇದಿರಾಳಿಗೆ ಅವರ ಬಲದಲ್ಲಿ ನಂಬಿಕೆಯಿರಲಿಲ್ಲ. ಎರಡನೆಯ ಸಲ ನಂಬದಿರಲು ಧೈರ್ಯವಾಗಲಿಲ್ಲ. ನಡುವಣ ಹದಿಮೂರು ವರುಷಗಳ ಸದಸ್ಯತ್ವದ ಪಟ್ಟಿ, ಚಂದಾ ಹಣ, ಶಾಖೆಗಳ ಶಿಸ್ತು ಇವೇ ಆ ವ್ಯತ್ಯಾಸಕ್ಕೆ ಕಾರಣ.

ಆ ಸಂಘವು ಬೇರೆ ಊರುಗಳಲ್ಲಿಯೂ ಫಲ ಕೊಟ್ಟಿತು. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿ ಪಟ್ಟಣದಲ್ಲಿ ಬಸ್ಸಿನ ಆಸನ ಬಿಟ್ಟುಕೊಡದೆ ಬಂಧಿತರಾದ ರೋಸಾ ಪಾರ್ಕ್ಸರನ್ನು ಜಾಮೀನಿನ ಮೇಲೆ ಬಿಡಿಸಲು ಮುಂದಾದ ಇ. ಡಿ. ನಿಕ್ಸನ್ನರು ಪೋರ್ಟರರೇ; ಸೋದರ ಸಂಘದ ಸ್ಥಳೀಯ ಮುಖ್ಯಸ್ಥರು. 381 ದಿನಗಳ ಬಸ್ ಬಹಿಷ್ಕಾರಕ್ಕೆ ಜನರನ್ನು ಕೂಡಿಸಿದವರಲ್ಲಿ ಅವರು ಅಗ್ರಗಣ್ಯರು.

1941ರಲ್ಲಿ ನಿಂತ ಮೆರವಣಿಗೆ 1963ರ ಆಗಸ್ಟ್ 28ರಂದು ಹೊರಟಿತು. ಅದರ ಮುಖ್ಯಸ್ಥರು 74 ವರುಷದ ರಾಂಡಾಲ್ಫರು. ಏರ್ಪಾಟಿನ ಭಾರವನ್ನು ಬೇಯಾರ್ಡ್ ರಸ್ಟಿನ್ನರಿಗೆ ಒಪ್ಪಿಸಬೇಕೆಂಬುದು ಅವರ ಸಂಕಲ್ಪ. ರಸ್ಟಿನ್ನರ ಹಿಂದಿನ ರಾಜಕೀಯವನ್ನೂ ಖಾಸಗಿ ಜೀವನವನ್ನೂ ಎತ್ತಿ ಕೆಲವು ನಾಯಕರು ವಿರೋಧಿಸಲು, ಮುಖ್ಯಸ್ಥಿಕೆಯನ್ನು ತಾವು ವಹಿಸಿ ರಸ್ಟಿನ್ನರನ್ನು ಉಪಮುಖ್ಯಸ್ಥರನ್ನಾಗಿ ನೇಮಿಸಿಕೊಂಡರು. ಎರಡು ತಿಂಗಳೊಳಗೆ ಬಸ್ಸು, ರೈಲು, ಕುಡಿಯುವ ನೀರು, ಶೌಚಗೃಹ, ಪ್ರಥಮ ಚಿಕಿತ್ಸೆ ಎಲ್ಲವೂ ಸಿದ್ಧವಾದವು. ನ್ಯೂಯಾರ್ಕಿನ ಚರ್ಚೊಂದರಲ್ಲಿ ಸ್ವಯಂಸೇವಕರು 80,000 ಬುತ್ತಿಗಳನ್ನು ಕಟ್ಟಿದರು. ಎರಡೂವರೆ ಲಕ್ಷ ಜನ ಕೂಡಿ, ಶಾಂತರಾಗಿ ಮನೆಗೆ ಮರಳಿದರು. ಮರುವರುಷ ನಾಗರಿಕ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು.

ತಮ್ಮ ದುಡಿಮೆಯಿಂದ ಗಂಡನ ಕಾರ್ಯವನ್ನು ಸಾಕಿದ ಲೂಸಿಲ್ ಅವರು ಆ ದಿನವನ್ನು ಕಾಣಲಿಲ್ಲ; ಅದೇ ವರುಷ ಕೆಲವು ತಿಂಗಳ ಮೊದಲು ತೀರಿಕೊಂಡಿದ್ದರು. ಜನಸ್ತೋಮ ಚದುರಿದ ಮೇಲೆ ರಾಂಡಾಲ್ಫರು ಒಬ್ಬರೇ ನಿಂತಿದ್ದರೆಂದೂ ಕಣ್ಣಲ್ಲಿ ನೀರಿದ್ದಿತೆಂದೂ ರಸ್ಟಿನ್ನರು ಮುಂದೆ ಸ್ಮರಿಸಿದ್ದಾರೆ. 1979ರ ಮೇ 16ರಂದು, ತೊಂಬತ್ತು ತುಂಬಿದ ಮೇಲೆ, ರಾಂಡಾಲ್ಫರು ನ್ಯೂಯಾರ್ಕಿನಲ್ಲಿ ಕಾಲಾಧೀನರಾದರು.

ಅನ್ಯಾಯ ಕಂಡಾಗ ರಕ್ತ ಕುದಿಯುವುದು ಅನೇಕರಿಗೆ. ಕುದಿ ಆರಿದ ಮೇಲೆಯೂ ಮರುದಿನ ಬೆಳಗ್ಗೆ ಕಚೇರಿಯ ಬೀಗ ತೆಗೆದು ಚಂದಾ ಪುಸ್ತಕವನ್ನು ಬಿಚ್ಚುವವರು ಕೆಲವರೇ. ಸಾರ್ವಜನಿಕ ಕಾರ್ಯಕ್ಕೆ ಕೈಹಾಕುವವರು ರಾಂಡಾಲ್ಫರ ಜೀವಿತವನ್ನು ಓದುವುದಾದರೆ, ದೀಪವಾರಿದ ಕಚೇರಿಯ ಆ ಐದು ವರುಷಗಳನ್ನು ಮೊದಲು ಓದಲಿ.