ಕ್ರಾಂತಿಯ ನಾಡಿನಿಂದ ಬಂದ ದೊಡ್ಡಸ್ವಾಮಿಯವರು

ನಮ್ಮ ಕೆಂಗೇರಿಯನ್ನು ಹಾದುಹೋಗುವ ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದವರೆಗೆ ಪಯಣಿಸಿದವರು, ಅಲ್ಲಿನ ಗಂಜಾಂನಲ್ಲಿ ಅಬ್ಬೆ ದುಬಾಯ್ ಅವರ ಹೆಸರಿನಿಂದ ಕರೆಯಲಾಗುವ ಹಳೆಯ ದೇವಾಲಯವನ್ನು ಕಂಡಿರಬಹುದು. ಆ ಗುರುವರ್ಯರ ಬದುಕು ಇಂದಿಗೂ ನಮ್ಮನ್ನು ಚಿಂತನೆಗೆ ಹಚ್ಚುತ್ತದೆ.

ದಕ್ಷಿಣ ಫ್ರಾನ್ಸಿನಲ್ಲಿ ಜನಿಸಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಕ್ರಾಂತಿಯ ಕಾಲ. ಧರ್ಮಸಭೆಯನ್ನು ಪ್ರಭುತ್ವದ ಅಧೀನಕ್ಕೆ ತಂದ 1790ರ ಶಾಸನಕ್ಕೆ ಪ್ರಮಾಣವಚನ ನೀಡಲೊಪ್ಪದ ಗುರುಗಳು ಸೆರೆಮನೆಗೂ ಮರಣಕ್ಕೂ ಗುರಿಯಾಗುತ್ತಿದ್ದರು. ದುಬಾಯ್ ಅವರು ಅದೇ ವರ್ಷ ಭಾರತಕ್ಕೆ ಹೊರಟರು.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ತರುವಾಯ ಅವರು ಅಲ್ಲಿಗೆ ಬಂದರು. ಟಿಪ್ಪುವಿನ ಆಳ್ವಿಕೆಯಲ್ಲಿ ಬಲವಂತದಿಂದ ತಮ್ಮ ವಿಶ್ವಾಸವನ್ನು ತೊರೆಯಬೇಕಾಗಿ ಬಂದಿದ್ದ ಕ್ರೈಸ್ತರನ್ನು ಮರಳಿ ಒಂದುಗೂಡಿಸಿದರು; ಹಾಸನ ಸೀಮೆಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಈ ನೆಲದ ಉಡುಗೆಯನ್ನು ಧರಿಸಿ, ಇಲ್ಲಿಯ ಆಹಾರ ಪದ್ಧತಿಯನ್ನು ಅನುಸರಿಸಿ ಬಾಳಿದ ಅವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆದರು.

ಹಿಂದೂ ಸಮಾಜದ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪರಂಪರೆಯ ಕಟ್ಟಳೆಗಳೇ ಸಮಾಜವನ್ನು ಅರಾಜಕತೆಯಿಂದ ಕಾಯುತ್ತವೆ ಎಂಬುದು ಅದರಲ್ಲಿ ಕಾಣುವ ನಿಲುವು. ಕ್ರಾಂತಿಯನ್ನು ಖಂಡಿಸಿ 1790ರಲ್ಲಿ ಗ್ರಂಥ ಬರೆದ ಎಡ್ಮಂಡ್ ಬರ್ಕ್ ಅವರ ವಿಚಾರಕ್ಕೆ ಇದು ಸಮೀಪವಾದುದು. ನೆಲಸಮಗೊಂಡ ವ್ಯವಸ್ಥೆಯೊಂದರಿಂದ ಪಾರಾಗಿ ಬಂದವರಿಗೆ ಇಂತಹ ಎಚ್ಚರಿಕೆ ಸಹಜ. ಆದರೆ ಅದೇ ತರ್ಕದಿಂದ ಅವರು ಜಾತಿ ಪದ್ಧತಿಯನ್ನೂ ಸಮರ್ಥಿಸಿದರು. ಇದನ್ನು ನಾವು ಒಪ್ಪಲಾರೆವು. ದೇವರ ಪ್ರತಿರೂಪವಾದ ಮಾನವನನ್ನು ಹುಟ್ಟಿನಿಂದಲೇ ಕೀಳಾಗಿಸುವ ಕಟ್ಟಳೆ, ಎಷ್ಟೇ ಪುರಾತನವಾಗಿದ್ದರೂ, ನ್ಯಾಯವೆನಿಸದು.

ಆದರೂ ಅವರ ಕೃತಿಗಿಂತ ಅವರ ಕಾರ್ಯವೇ ಹೆಚ್ಚು ವಿವೇಕವುಳ್ಳದ್ದೆಂದು ನಮಗೆ ತೋರುತ್ತದೆ. ಸಿಡುಬು ನಾಡನ್ನು ಕಾಡುತ್ತಿದ್ದಾಗ, 1803-04ರ ಅವಧಿಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಅಂದಿಗೆ ಅದು ತೀರ ಹೊಸ ವಿದ್ಯೆ. ಬಲವಂತದಿಂದಲ್ಲ, ಜನರ ವಿಶ್ವಾಸ ಗಳಿಸಿ ಹೊಸತನ್ನು ತಂದರು. ಪರಂಪರೆಯನ್ನು ಗೌರವಿಸುವವನೂ ಪರಿವರ್ತನೆಯನ್ನು ತರಬಲ್ಲನು ಎಂಬುದಕ್ಕೆ ಇದೇ ಸಾಕ್ಷಿ.

1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಒಂದೇ ವಾರದಲ್ಲಿ ಅದೇ ನಗರದಲ್ಲಿ ಮತ್ತೊಂದು ಕ್ರಾಂತಿ ಎದ್ದು ಅರಸೊತ್ತಿಗೆ ಉರುಳಿತು. ಅನ್ಯಾಯವನ್ನು ಕಾಲಕಾಲಕ್ಕೆ ತಿದ್ದಿಕೊಳ್ಳದ ಪರಂಪರೆ ಕ್ರಾಂತಿಗೆ ತಾನೇ ಬಾಗಿಲು ತೆರೆಯುತ್ತದೆ. ಹಿರಿಯರಿಂದ ಬಂದುದನ್ನು ಉಳಿಸಿಕೊಳ್ಳಬಯಸುವ ನಾವು, ಅದರಲ್ಲಿ ತಿದ್ದಬೇಕಾದುದನ್ನು ತಿದ್ದುವ ಧೈರ್ಯವನ್ನೂ ದೇವರಲ್ಲಿ ಬೇಡೋಣ.