ಗುಬ್ಬಿ ವೀರಣ್ಣನವರ ಅನ್ನದ ಋಣ

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಬೋರ್ಡನ್ನು ಓದದ ತುಮಕೂರಿಗರಿಲ್ಲ. ಗುಬ್ಬಿ ಬಸ್ಸು ಹತ್ತುವವರಿಗೂ ಕುಣಿಗಲ್ ಬಸ್ಸು ಹತ್ತುವವರಿಗೂ ಆ ಹೆಸರು ಗೊತ್ತು. ನಾಟಕ ಕಂಪನಿ ಮಾಲೀಕರು, 'ಕುರುಕ್ಷೇತ್ರ'ಕ್ಕೆ ಸ್ಟೇಜಿನ ಮೇಲೆ ನಿಜವಾದ ಆನೆ, ಕುದುರೆ ತಂದವರು ಅಂತ ಹಿರಿಯರು ಹೇಳುತ್ತಾರೆ. ಅದು ನಿಜವೇ. ಆದರೆ ಆನೆ ತಂದದ್ದಕ್ಕಿಂತ ದೊಡ್ಡ ಕೆಲಸವೊಂದನ್ನು ವೀರಣ್ಣನವರು ಮಾಡಿದ್ದಾರೆ. ಊರೂರಿಂದ ಬಂದ ಹುಡುಗರಿಗೆ ಅನ್ನ ಹಾಕಿ, ವಿದ್ಯೆ ಕಲಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಟ್ಟರು. ಈ ಬಿಡುವ ಕೆಲಸ ಇದೆಯಲ್ಲ, ಅದೇ ಕಷ್ಟದ್ದು.

ಗುಬ್ಬಿಯ ದೇವರು ಚನ್ನಬಸವೇಶ್ವರನ ಹೆಸರಲ್ಲಿ 1884ರಲ್ಲಿ ನಾಟಕ ಕಂಪನಿ ಶುರುವಾಯಿತು. ಕಟ್ಟಿದವರು ಊರಿನವರೇ. ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು, ಜತೆಗೆ ಇನ್ನು ಕೆಲವರು. ದೇವರು ಯಾರದ್ದು, ಸಾಹೇಬರು ಯಾರು ಅಂತ ಆಗ ಯಾರೂ ಲೆಕ್ಕ ಹಾಕಲಿಲ್ಲ. 1891ರಲ್ಲಿ ಹುಟ್ಟಿದ ವೀರಣ್ಣ ಆ ಕಂಪನಿಗೆ ಚಿಕ್ಕ ಹುಡುಗನಾಗಿ ಬಂದು ಸೇರಿದರು. ಹಿರಿಯರ ಕೈಕೆಳಗೆ ಬಣ್ಣ ಹಚ್ಚಲು ಕಲಿತರು. ಹಾಸ್ಯ ಅವರಿಗೆ ಒಲಿದು ಬಂತು. 'ಸದಾರಮೆ'ಯಲ್ಲಿ ಕಳ್ಳನ ಪಾತ್ರ ಹಾಕಿದರೆ ಜನ ಬಿದ್ದೂ ಬಿದ್ದೂ ನಗುತ್ತಿದ್ದರು. ಮುಂದೆ ಕಂಪನಿಗೆ ತಾವೇ ಮಾಲೀಕರಾದರು. ಗಂಡಸರೇ ಸೀರೆ ಉಟ್ಟು ಹೆಣ್ಣಾಗುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನೇ ರಂಗಕ್ಕೆ ಕರೆತಂದರು. ಮೈಸೂರಿನ ಮಹಾರಾಜರಿಂದ 'ನಾಟಕ ರತ್ನ' ಬಿರುದು ಬಂತು.

ತಾವು ಹುಡುಗರಾಗಿ ಕಂಪನಿಯ ಅನ್ನ ಉಂಡವರು. ಆ ಋಣವನ್ನು ಸತ್ತುಹೋದ ಹಿರಿಯರಿಗೆ ತೀರಿಸುವುದು ಹೇಗೆ? ಮುಂದೆ ಬಂದ ಹುಡುಗರಿಗೆ ತೀರಿಸಿದರು.

ಆಗಿನ ಕಂಪನಿ ಮನೆ ಅಂದರೆ ಒಂದು ದೊಡ್ಡ ಸಂಸಾರ. ಒಂದೂರಿನಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ. ಎಲ್ಲರಿಗೂ ಒಂದೇ ಅಡುಗೆ, ಒಂದೇ ಪಂಕ್ತಿ. ಹಗಲು ಹಾರ್ಮೋನಿಯಂ ಮೇಷ್ಟರ ಮುಂದೆ ಹಾಡು, ಮಾತಿನ ತಾಲೀಮು. ರಾತ್ರಿ ನಾಟಕ, ಬೆಳಗಿನ ಜಾವದವರೆಗೂ. ಇವತ್ತು ಸೇವಕನ ಪಾತ್ರ, ನಾಳೆ ಯಾರಿಗೋ ಜ್ವರ ಬಂದರೆ ರಾಜನ ಪಾತ್ರ. ಸರ್ಟಿಫಿಕೇಟ್ ಕೊಡದ ಕಾಲೇಜು ಅದು.

ಅಲ್ಲಿ ಕಲಿತವರ ಪಟ್ಟಿ ನೋಡಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿಯಲ್ಲಿ ಹೆಸರಾದ ನಟರು. ಅವರ ಕೈಹಿಡಿದು ಬಂದ ಮಗ ಮುತ್ತುರಾಜ್ ಓದು ಬಿಟ್ಟ ಹುಡುಗ. 1954ರಲ್ಲಿ ವೀರಣ್ಣನವರು ಎ.ವಿ.ಎಂ. ಜತೆ ಸೇರಿ 'ಬೇಡರ ಕಣ್ಣಪ್ಪ' ತಯಾರಿಸಿದಾಗ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಆರಿಸಿದ್ದು ಅದೇ ಹುಡುಗನನ್ನು. ಅವರೇ ರಾಜ್‌ಕುಮಾರ್. ಅದೇ ಚಿತ್ರದಲ್ಲಿ ಕಂಪನಿಯ ಇನ್ನಿಬ್ಬರು, ನಮ್ಮ ತಿಪಟೂರಿನ ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್. ಫಾಲ್ಕೆ ಪ್ರಶಸ್ತಿ ಬಂದ ಮೇಲೂ ರಾಜ್‌ಕುಮಾರ್ ಕಂಪನಿಯ ದಿನಗಳನ್ನು ಮರೆತವರಲ್ಲ.

ಇನ್ನೊಬ್ಬ ಹುಡುಗ ದಕ್ಷಿಣ ಕನ್ನಡದ ಮಂಚಿ ಗ್ರಾಮದವನು. ನಾಟಕದ ಹುಚ್ಚಿಗೆ ಮನೆ ಬಿಟ್ಟು ಓಡಿ ಬಂದು ಕಂಪನಿ ಸೇರಿದ. ಹೆಸರು ಬಿ.ವಿ. ಕಾರಂತ. ಚೆನ್ನಾಗಿ ಹಾಡುವ, ಚುರುಕು ಹುಡುಗ. ಬೇರೆ ಮಾಲೀಕರಾಗಿದ್ದರೆ ಇಂಥವನನ್ನು ಕಂಪನಿಯಲ್ಲೇ ಕಟ್ಟಿಹಾಕುತ್ತಿದ್ದರು. ವೀರಣ್ಣನವರು ಹಾಗೆ ಮಾಡಲಿಲ್ಲ. ಓದಲಿ ಅಂತ ಕಾಶಿಗೆ ಕಳಿಸಿದರು. ಕಾರಂತರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಹಿಂದಿ ಎಂ.ಎ. ಮಾಡಿದರು, ಪಂಡಿತ್ ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು! 1989ರಲ್ಲಿ ಮೈಸೂರಿನಲ್ಲಿ ರಂಗಾಯಣಕ್ಕೆ ಮೊದಲ ನಿರ್ದೇಶಕರಾಗಿ ಬಂದರು.

ಕಾರಂತರು ಕಂಪನಿಗೆ ವಾಪಸ್ ಬಂದು ಹಾರ್ಮೋನಿಯಂ ಹಿಡಿದು ಕೂರಲಿಲ್ಲ. ಹಾಗಂತ ಋಣ ಮರೆತರೇ? ಇಲ್ಲ. ಅವರ ನಾಟಕ ನೋಡಿದವರಿಗೆ ಅದು ಗೊತ್ತು. ಹೊಸ ನಾಟಕಗಳಿಂದ ಹಾಡು ಓಡಿಹೋಗುತ್ತಿದ್ದಾಗ ಅದನ್ನು ಮತ್ತೆ ಕೈಹಿಡಿದು ರಂಗಕ್ಕೆ ತಂದವರು ಅವರು. ಆ ಕಿವಿ ತಯಾರಾದದ್ದು ಕಂಪನಿ ಮನೆಯಲ್ಲಿ. ರಾಜ್ಯ ಸರ್ಕಾರದ ಗುಬ್ಬಿ ವೀರಣ್ಣ ಪ್ರಶಸ್ತಿ ಅವರಿಗೂ ಬಂತು. ಗುರುವಿನ ಹೆಸರಿನ ಪ್ರಶಸ್ತಿ ಶಿಷ್ಯನಿಗೆ. ಇದಕ್ಕಿಂತ ಇನ್ನೇನು ಬೇಕು?

ಇದರಲ್ಲಿ ಒಂದು ಕಹಿ ಮಾತೂ ಇದೆ. ವೀರಣ್ಣನವರ ಕಂಪನಿಯಲ್ಲಿ ಪಳಗಿದವರೇ ಸಿನಿಮಾ ತಾರೆಗಳಾದರು. ಅದೇ ಸಿನಿಮಾ ನಾಟಕ ಕಂಪನಿಗಳ ಟಿಕೆಟ್ ಕಿತ್ತುಕೊಂಡಿತು. ವೀರಣ್ಣನವರು ಮೂಕಿ ಚಿತ್ರದ ಕಾಲದಲ್ಲೇ ಚಿತ್ರ ತಯಾರಿಕೆಗೆ ಇಳಿದವರು. ಸಿನಿಮಾದ ಬಲ ಅವರಿಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಆದರೂ ಹುಡುಗರ ದಾರಿಗೆ ಅಡ್ಡ ನಿಲ್ಲಲಿಲ್ಲ. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಣ್ಣು ಮುಚ್ಚಿದರು. ಮುಂದೆ ಮೊಮ್ಮಗಳು ಬಿ. ಜಯಶ್ರೀ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು, ತಾತನ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದರು. ಸಾಲ ಹೀಗೂ ತೀರುತ್ತದೆ.

ಈಗ ನಮ್ಮ ಮಾತಿಗೆ ಬರೋಣ. ಬಿ.ಎಚ್. ರಸ್ತೆಯ ಅಂಗಡಿಯಾಗಲಿ, ಗುಬ್ಬಿ ಸಂತೆಯಾಗಲಿ, ಕುಣಿಗಲ್ಲಿನ ಗ್ಯಾರೇಜಾಗಲಿ, ಹಳ್ಳಿಯಿಂದ ಬಂದ ಹುಡುಗನೊಬ್ಬ ಇದ್ದೇ ಇರುತ್ತಾನೆ. ನಾಲ್ಕು ವರ್ಷ ಕಸುಬು ಕಲಿತು, ಒಂದು ದಿನ ಎದುರಿಗೇ ತನ್ನದೊಂದು ಅಂಗಡಿ ಇಟ್ಟರೆ ಹೊಟ್ಟೆ ಉರಿಯುತ್ತದೆ. ಉಂಡ ಮನೆಗೆ ಎರಡು ಬಗೆದ ಅಂತೀವಿ. ವೀರಣ್ಣನವರ ಎದುರಿಗೆ ಅಂಗಡಿ ಇಟ್ಟದ್ದು ಸಣ್ಣ ಹುಡುಗನಲ್ಲ, ಇಡೀ ಸಿನಿಮಾ! ಅವರು ಆ ಮಾತು ಆಡಲಿಲ್ಲ. ಅದಕ್ಕೇ ಬಿಟ್ಟು ಹೋದವರೆಲ್ಲ ಕೊನೆಯವರೆಗೂ ಗುಬ್ಬಿ ಕಂಪನಿಯವರಾಗಿಯೇ ಉಳಿದರು.

ವೀರಣ್ಣನವರ ಹೆಸರನ್ನು ಕಲಾಕ್ಷೇತ್ರಕ್ಕೆ ಇಟ್ಟದ್ದು ಒಳ್ಳೆಯದೇ. ಜಯಂತಿಗೆ ಹಾರ ಹಾಕುವುದೂ ಸರಿ. ಆದರೆ ಅವರ ಋಣ ಹಾರದಿಂದ ತೀರುವಂಥದ್ದಲ್ಲ. ಹಾಡುವ, ಕುಣಿಯುವ, ಕಸುಬು ಕಲಿಯುವ ಒಬ್ಬ ಬಡ ಹುಡುಗನಿಗೋ ಹುಡುಗಿಗೋ ದಾರಿ ಖರ್ಚು ಕೊಟ್ಟು ಹೋಗಿ ಬಾ ಅಂತ ಕಳಿಸಿದವರು, ಅವರು ವಾಪಸ್ ಬರದಿದ್ದರೂ, ಒಂದಿಷ್ಟು ತೀರಿಸಿದ ಹಾಗೆ.